ಇಬ್ಬನಿಯಲ್ಲಿ ಒತ್ತಿದ ಹುಲ್ಲು

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ವರ್ಷ ನಮ್ಮ ಹುಲ್ಲು ಹಾಳಾದದ್ದಕ್ಕೆ ಮಳೆಯನ್ನು ಬೈದು ಏನೂ ಪ್ರಯೋಜನವಿಲ್ಲ, ಹಾಳು ಮಾಡಿದ್ದು ಈ ಬಾಯಿಯೇ. ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ ಮೇಲಾಯಿತು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಹಿಡಿಯುವುದಕ್ಕೆ, ನೀರಿನ ಟ್ಯಾಂಕರಿನ ಮುಂದೆ ಪಾಳಿ ಉಳಿಸಿಕೊಳ್ಳುವುದಕ್ಕೆ ಎಲ್ಲಕ್ಕೂ ಇದೇ ಆಗಿಬಂದಿತ್ತು. ಅದು ತಪ್ಪೂ ಮಾತಾಡಬಹುದು ಅಂತ ತಿಳಿಯಲಿಕ್ಕೆ ನನಗೆ ಐವತ್ತನಾಲ್ಕು ವಯಸ್ಸಾಗಬೇಕಾಯಿತು.

ನಮ್ಮ ಮನೆಯವರು ಶಹಾಡ್‌ನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಮನೆಯಲ್ಲಿ ಕೂತು ಫ್ಯಾನು ಬಿಚ್ಚಿದರು, ಮಿಕ್ಸರ್ ಬಿಚ್ಚಿದರು, ಕೊನೆಗೆ ಚೆನ್ನಾಗಿ ನಡೆಯುತ್ತಿದ್ದ ಗಡಿಯಾರವನ್ನೂ ಬಿಚ್ಚಿದರು. ಇನ್ನು ಇವರನ್ನು ಮನೆಯಲ್ಲಿ ಇಟ್ಟುಕೊಂಡರೆ ಗೋಡೆಯನ್ನೂ ಬಿಚ್ಚುತ್ತಾರೆ ಅಂತ ನಾನೇ ಹಟ ಹಿಡಿದು, ಅವರ ಗೆಳೆಯರೊಬ್ಬರ ಎರಡು ಎಕರೆ ಪಾಳು ಜಾಗವನ್ನು ವರ್ಷಕ್ಕಿಷ್ಟು ಬಾಡಿಗೆ ಅಂತ ಲಾವಣಿಗೆ ಹಿಡಿಸಿದೆ. ಮುರಬಾಡ್ ರಸ್ತೆಯಿಂದ ಒಳಗೆ, ಗುಡ್ಡದ ಬುಡದಲ್ಲಿ. ತಗಡಿನ ಶೆಡ್ಡು ಹಾಕಿ ಮೂರು ಎಮ್ಮೆ ಕಟ್ಟಿದೆವು. ಹಾಲು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೂ ನಮ್ಮ ಕಡೆಯ ಹತ್ತು ಮನೆಗಳಿಗೂ ಹೋಗುತ್ತಿತ್ತು. ಡೊಂಬಿವಲಿಯಲ್ಲಿರುವ ಮಗಳಿಗೆ ಇದು ತಿಳಿದಾಗ, "ಮಮ್ಮೀ, ದೂಧ್ ಪ್ಯಾಕೆಟ್ ಮೇ ಭೀ ಆತಾ ಹೈ" ಅಂದಳು, ಹಾಲು ಪ್ಯಾಕೆಟ್ಟಿನಲ್ಲೂ ಸಿಗುತ್ತದೆ ಅಂತ. ಕನ್ನಡದಲ್ಲಿ ಬೈದರೆ ಎಲ್ಲಾ ತಿಳಿಯುತ್ತದೆ ಅವಳಿಗೆ, ಉತ್ತರ ಮಾತ್ರ ಹಿಂದಿಯಲ್ಲಿ.

ಮೊದಲನೆಯ ಬೇಸಿಗೆಗೇ ಪಾಠವಾಯಿತು. ಮಳೆಗಾಲದಲ್ಲಿ ಎಮ್ಮೆಯ ಬೆನ್ನು ಮುಳುಗುವಷ್ಟು ಹುಲ್ಲು ಬೆಳೆಯುವ ಈ ನೆಲದಲ್ಲಿ ಶಿವರಾತ್ರಿ ದಾಟಿತೆಂದರೆ ಹಸಿರು ಕಾಣುವುದಿಲ್ಲ. ವರ್ಷವರ್ಷವೂ ಲಾರಿಯ ಮೇಲೆ ಬಂದ ಒಣಹುಲ್ಲನ್ನು ಅವರು ಹೇಳಿದ ರೇಟಿಗೆ ಕೊಂಡೆವು, ಕೊಳ್ಳಲಾಗದೆ ಎರಡು ಎಮ್ಮೆ ಮಾರಿದೆವು. ಉಳಿದದ್ದು ಎರಡು. ಒಂದು ಹಾಲು ಕೊಡುವ ದೊಡ್ಡದು, ಇನ್ನೊಂದು ನಮ್ಮಲ್ಲೇ ಹುಟ್ಟಿದ ಅದರ ಮಗಳು, ಇನ್ನೂ ಈಯದ ಮಣಕ. ಹುಟ್ಟಿದ ವಾರದಲ್ಲೇ ಬೇನೆ ಬಿದ್ದಿದ್ದ ಅದನ್ನು ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ಮೂರು ವರ್ಷ ತುಂಬಿದ ಮೇಲೆ, ಶ್ರಾವಣದಲ್ಲಿ ಅದು ಗಬ್ಬವಾಯಿತು. ಜೂನ್ ಮೊದಲಿನ ಮಿರಗದ ಮಳೆ ಹೊತ್ತಿಗೆ ಈಯುತ್ತದೆ ಅಂತ ದನದ ಡಾಕ್ಟರು ಹೇಳಿ ಹೋದರು.

ಆ ಸಂಜೆ ಮನೆಯವರು ಚಹಾ ಬಟ್ಟಲು ಕೆಳಗಿಟ್ಟು ಹೇಳಿದರು. "ನೋಡು, ಈ ಬ್ಯಾಸಿಗಿಗೂ ಹುಲ್ಲು ಕೊಂಡು ಹಾಕೂದಾದ್ರ ಮಣಕ ಇಟ್ಕೊಳ್ಳೂದು ಆಗೂದಿಲ್ಲ. ಹಾಲು ಕೊಡೂದು ದೊಡ್ಡದೊಂದs. ಎರಡು ಹೊಟ್ಟಿ ಅದು ತುಂಬಸಂಗಿಲ್ಲ."

"ಅಂದ್ರ ಗಬ್ಬದ ಎಮ್ಮಿ ಮಾರತೀರಿ? ಅದು ಯಾರದೋ ಕೊಟಗ್ಯಾಗ ಹೋಗಿ ಈಯಬೇಕು?"

"ನಾ ಎಲ್ಲಿ ಮಾರತೀನಿ ಅಂದೆ? ಹುಲ್ಲು ಇಲ್ಲದಿದ್ರ ಅಂದೆ."

"ಹಂಗಾದ್ರ ಹುಲ್ಲು ನಾವs ಮಾಡೂಣು," ಅಂದೆ. ಲೆಕ್ಕ ಸರಳವಿತ್ತು. ಎರಡಕ್ಕೆ ದಿನಕ್ಕೊಂದು ಕಟ್ಟು. ಶಿವರಾತ್ರಿಯಿಂದ ಮಳೆಯವರೆಗೆ ನೂರಾ ಹತ್ತು ಕಟ್ಟು ಬೇಕು. ಅಷ್ಟು ಕೂಡಿದರೆ ಮಣಕ ನಮ್ಮದು.

ಯಂತ್ರ ಎಂದರೆ ನಮ್ಮವರಿಗೆ ಹಬ್ಬ. ವಾಶಿಯ ಕಡೆ ಕಂಪನಿಗಳ ಲಾನ್ ಕತ್ತರಿಸುವ ಗುತ್ತಿಗೆದಾರನೊಬ್ಬ ಬಿಸಾಕುವುದರಲ್ಲಿದ್ದ ಹುಲ್ಲು ಕತ್ತರಿಸುವ ಮಷಿನ್ನು ತಂದರು. ಹೆಗಲಿಗೆ ಪಟ್ಟಿ ಹಾಕಿಕೊಂಡು ಎಡಕ್ಕೂ ಬಲಕ್ಕೂ ಬೀಸುವಂಥದ್ದು. ಸ್ಟಾರ್ಟ್ ಆಗಲಿಕ್ಕೆ ಹದಿನಾರು ಸಲ ಹಗ್ಗ ಎಳೆಯಬೇಕು, ಹದಿನೇಳನೆಯ ಸಲ ಕೆಮ್ಮುತ್ತದೆ. ಆಮೇಲೆ ಭಿವಂಡಿಗೆ ಹೋದವರು ಟೆಂಪೋದಲ್ಲಿ ಒಂದು ರಾಕ್ಷಸನನ್ನು ಹೇರಿಕೊಂಡು ಬಂದರು. ಆಳೆತ್ತರದ ಕಬ್ಬಿಣದ ಚೌಕಟ್ಟು, ನಡುವೆ ತೋಳು ಗಾತ್ರದ ಸ್ಕ್ರೂ, ಮೇಲೆ ತಿರುಗಿಸುವ ಚಕ್ರ. ಮುಚ್ಚಿಹೋದ ಯಾವುದೋ ಮಗ್ಗದ ಶೆಡ್ಡಿನಿಂದ ಗುಜರಿ ಅಂಗಡಿಗೆ ಬಂದದ್ದಂತೆ. ಬಟ್ಟೆಯ ಥಾನುಗಳನ್ನು ಪೆಟ್ಟಿಗೆಯೊಳಗೆ ಒಟ್ಟಿ, ಮೇಲಿನಿಂದ ಒತ್ತಿ, ಚೌಕನೆಯ ಕಟ್ಟು ಕಟ್ಟುವ ಪ್ರೆಸ್ಸು. ಆ ಕಟ್ಟಿಗೆ ಭಿವಂಡಿಯಲ್ಲಿ ಗಾಂಠ ಅನ್ನುತ್ತಾರೆ.

"ಬಟ್ಟಿ ಒತ್ತೂದು ಹುಲ್ಲು ಒತ್ತಂಗಿಲ್ಲೇನು?" ಅಂದರು, ಮಗನಿಗೆ ಹೆಣ್ಣು ಗೊತ್ತು ಮಾಡಿ ಬಂದವರ ಹಾಗೆ ಖುಷಿಯಲ್ಲಿ. ನನಗೂ ಮೆಚ್ಚಿಕೆಯಾಯಿತು, ತೋರಿಸಿಕೊಳ್ಳಲಿಲ್ಲ.

ದೀಪಾವಳಿ ಮುಗಿದು ಬಿಸಿಲು ಗಟ್ಟಿಯಾದಾಗ ಹುಲ್ಲು ಕೊಯ್ದೆವು. ಅವರು ಮುಂದೆ ಮಷಿನ್ ಬೀಸುತ್ತ ಹೋದರೆ ನಾನು ಹಿಂದೆ ಬಿದಿರಿನ ಕೋಲಿನಿಂದ ಹುಲ್ಲು ಹೊರಳಿಸುತ್ತ ಹೋಗುತ್ತಿದ್ದೆ. ಮೂರು ಬಿಸಿಲಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿತು. ಇನ್ನು ಒತ್ತುವುದೊಂದೇ ಬಾಕಿ.

ಇಲ್ಲಿ ನನ್ನ ತವರುಮನೆಯ ಮಾತು ಹೇಳಬೇಕು. ಗದಗ ಕಡೆಯ ಎರೆಹೊಲದವರು ನಾವು. ಬಿಳಿಜೋಳದ ಒಣದಂಟು, ಕಣಿಕಿ, ಕಟ್ಟುವ ದಿನಗಳಲ್ಲಿ ನಮ್ಮಪ್ಪ ಕೋಳಿ ಕೂಗುವ ಮೊದಲೇ ಎಬ್ಬಿಸುತ್ತಿದ್ದ. ಬಿಸಿಲೇರಿತೆಂದರೆ ಒಣಗಿದ ಎಲೆ ಪಟಪಟ ಮುರಿದು ಹೊಲದಲ್ಲೇ ಉದುರುತ್ತದೆ, ದನಕ್ಕೆ ಬರೀ ದಂಟು ಉಳಿಯುತ್ತದೆ. ಇಬ್ಬನಿ ಬಿದ್ದು ಎಲೆ ಮೆತ್ತಗಾಗಿರುವಾಗಲೇ ಸಿವುಡು ಕಟ್ಟಿ ಮುಗಿಸಬೇಕು. ಸೂರ್ಯ ಹುಟ್ಟುವುದರೊಳಗೆ ಕಟ್ಟಿದವನೇ ರೈತ, ಆಮೇಲೆ ಕಟ್ಟಿದವನು ಕೂಲಿಯವನು ಅಂತ ನಮ್ಮಪ್ಪನ ಕಾನೂನು. ಹನ್ನೆರಡು ವರ್ಷದವಳಿದ್ದಾಗಿನಿಂದ ನನ್ನ ಕೈಗೆ ರೂಢಿಯಾದ ಕೆಲಸ ಅದು.

ಹಾಗಾಗಿ ಬೆಳಕು ಹರಿಯುವ ಮೊದಲೇ ಒತ್ತಬೇಕು ಅಂತ ನಾನು ಹೇಳಿದೆ. ಮನೆಯವರು ತಲೆ ಕೆರೆದುಕೊಂಡು, "ಇಲ್ಲಿ ಹವಾ ಬ್ಯಾರೆ ಅದಲ್ಲ," ಅಂದರು.

"ನೀವು ನಟ್ಟು ಬೋಲ್ಟು ನೋಡ್ರಿ. ಹುಲ್ಲಿನ ವಿಷಯ ನನಗ ಬಿಡ್ರಿ."

ಅವರು ಬಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತದ್ದು ಅದೊಂದೇ.

ಪಕ್ಕದ ಜಾಗ ಒಬ್ಬ ಮಾವಶಿಯದು, ಮರಾಠಿಯಲ್ಲಿ ಚಿಕ್ಕಮ್ಮ ಅಂದ ಹಾಗೆ. ಎಪ್ಪತ್ತರ ಹತ್ತಿರದ ಮುದುಕಿ, ಇಲ್ಲೇ ಹುಟ್ಟಿ ಇಲ್ಲೇ ಭತ್ತ ನಟ್ಟವಳು. ಮಕ್ಕಳಿಬ್ಬರೂ ಭಿವಂಡಿಯ ಗೋದಾಮುಗಳಿಗೆ ಕೆಲಸಕ್ಕೆ ಹೋಗುತ್ತಾರೆ, ಎರಡು ಹಸು ಈಕೆಯ ಪಾಲಿಗೆ. ಮೊದಲನೆಯ ದಿನ ನಾವು ಒತ್ತುವಾಗ ಬೇಲಿಯ ಹತ್ತಿರ ನಿಂತು ನೋಡಿದಳು. ಬಂದು ಒಂದು ಹಿಡಿ ಹುಲ್ಲು ಮುಟ್ಟಿದಳು. ಆಕೆ ಮಾತಾಡಿದ್ದು ಮರಾಠಿ, ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ತಂಗೀ, ಇದರ ಮೇಲೆ ಇಬ್ಬನಿ ಇದೆ. ಈಗ ಒತ್ತಬೇಡ."

"ನಾನು ರೈತನ ಮಗಳು, ಮಾವಶಿ. ಭತ್ತದ ಹುಲ್ಲು ಬೇರೆ, ನಮ್ಮ ಪದ್ಧತಿ ಬೇರೆ. ನಿಮ್ಮ ಮನೆ ಕೆಲಸ ಇದ್ದರೆ ನೋಡಿಕೊಳ್ಳಿ."

ಹೌದು, ಇದೇ ಮಾತಿನಲ್ಲಿ ಅಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ನನ್ನ ಮೊಲಕ್ಕೆ ಎರಡೇ ಇದ್ದವು. ಮಾವಶಿ ಸೆರಗು ಕೊಡವಿಕೊಂಡು ಹೋದಳು.

ಐದು ಮುಂಜಾನೆ ಒತ್ತಿದೆವು. ನಾನು ಪೆಟ್ಟಿಗೆಯೊಳಗೆ ಹುಲ್ಲು ತುಂಬಿ ತುಳಿಯುವುದು, ಅವರು ಚಕ್ರ ತಿರುಗಿಸುವುದು. ಮೆತ್ತಗಿದ್ದ ಹುಲ್ಲು ಬಟ್ಟೆಯ ಹಾಗೆಯೇ ಬಗ್ಗಿ ಕೂತಿತು, ಒಂದು ಎಸಳೂ ಉದುರಲಿಲ್ಲ. ಅವರಿಗೋ, ಎಷ್ಟು ಬಿಗಿ ಒತ್ತಿದರೆ ಅಷ್ಟು ಹೆಮ್ಮೆ. ನಾಲ್ಕನೆಯ ದಿನ ಮಾತ್ರ ಸ್ಕ್ರೂ ಸಿಕ್ಕಿಹಾಕಿಕೊಂಡು, ಬಿಚ್ಚಿ ಗ್ರೀಸು ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ಸುಡುಬಿಸಿಲಿನಲ್ಲಿ ಹನ್ನೆರಡು ಗಾಂಠ ಒತ್ತಿದೆವು. ಎಲೆ ಉದುರುತ್ತದೆ ಅಂತ ನಾನು ಇಡೀ ಹೊತ್ತು ಗೊಣಗಿದೆ. ಒಟ್ಟು ಎಪ್ಪತ್ತಾದವು. ತಗಡಿನ ಕೆಳಗೆ ಒತ್ತೊತ್ತಾಗಿ ಒಟ್ಟಿದೆವು, ಆ ಹನ್ನೆರಡನ್ನು ಬೇಸರದಿಂದ ಬೇರೆ ಮೂಲೆಗೆ ಎಸೆದೆ.

ಒಂದು ವಾರಕ್ಕೆ ಶೆಡ್ಡಿನಿಂದ ಘಮ್ಮನೆ ವಾಸನೆ ಬರತೊಡಗಿತು. ಬೆಲ್ಲದ ಗಾಣದ ಹತ್ತಿರ ನಿಂತ ಹಾಗೆ. ಮಾವಶಿಗೆ ಕೇಳಿಸಲಿ ಅಂತ ಮರಾಠಿಯಲ್ಲೇ ಗಟ್ಟಿಯಾಗಿ, "ಹುಲ್ಲು ಅಂದರೆ ಹೀಗೆ ವಾಸನೆ ಬರಬೇಕು," ಅಂದೆ. ಎರಡು ದಿನ ಬಿಟ್ಟು ಮನೆಯವರು ಒಂದು ಗಾಂಠ ಸರಿಸಲು ಹೋದವರು ಕೈ ಹಿಂದಕ್ಕೆಳೆದುಕೊಂಡರು.

"ಸುಡಾಕತ್ತದಲ್ಲ ಇದು."

ಚೇಷ್ಟೆ ಅಂದುಕೊಂಡೆ. ಎರಡು ಗಾಂಠಗಳ ನಡುವೆ ನನ್ನ ಕೈ ತೂರಿಸಿದೆ. ಹಂಚಿನ ಮೇಲಿನ ರೊಟ್ಟಿ ಮುಟ್ಟಿದಂತಾಯಿತು. ಹಗ್ಗ ಕೊಯ್ದೆವು. ಒಳಗಿನಿಂದ ಹಬೆ ಎದ್ದಿತು. ನಡುವಿನ ಹುಲ್ಲು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ, ಅದರ ಮೇಲೆ ಬಿಳಿ ಬೂಷ್ಟು ಕೂತಿತ್ತು. ಎರಡನೆಯದು ಹಾಗೆಯೇ. ಹತ್ತನೆಯದೂ ಹಾಗೆಯೇ. ಇನ್ನೆರಡು ದಿನ ಬಿಟ್ಟಿದ್ದರೆ ಬೆಂಕಿಯೇ ಹತ್ತುತ್ತಿತ್ತೇನೋ. ಮೂಲೆಗೆ ಎಸೆದಿದ್ದ ಮಧ್ಯಾಹ್ನದ ಹನ್ನೆರಡರ ಹಗ್ಗ ಸಡಿಲಿಸಿ ನೋಡಿದೆ. ತಂಪಾಗಿದ್ದವು, ಒಳಗೆಲ್ಲ ಹೊಂಬಣ್ಣ. ಆಗ ತಿಳಿಯಿತು. ನಮ್ಮೂರಿನ ಇಬ್ಬನಿ ಬಿಸಿಲೇರುತ್ತಲೇ ಆರಿಹೋಗುತ್ತದೆ, ನಿಲ್ಲಿಸಿದ ಸಿವುಡಿನೊಳಗೆ ಗಾಳಿ ಆಡುತ್ತದೆ. ಇಲ್ಲಿಯ ಇಬ್ಬನಿಯನ್ನು ನಾನು ಕಬ್ಬಿಣದಲ್ಲಿ ಒತ್ತಿ ಒಳಗೇ ಕೂಡಿಹಾಕಿದ್ದೆ.

ಹಬೆ ನೋಡಿ ಮಾವಶಿ ಬೇಲಿ ದಾಟಿ ಬಂದಳು. ಹಂಗಿಸುತ್ತಾಳೆ ಅಂತ ಹಲ್ಲು ಕಚ್ಚಿ ನಿಂತೆ. ಆಕೆ ಬೂಷ್ಟು ಹಿಡಿದ ಹುಲ್ಲು ಮೂಸಿ, ಮಣಕದ ಕಡೆ ನೋಡಿ, "ಗಬ್ಬದ ಪ್ರಾಣಿಗೆ ಇದನ್ನು ಒಂದು ಎಸಳೂ ಹಾಕಬೇಡ. ಕರು ಬಿದ್ದುಹೋಗುತ್ತದೆ," ಅಂದಳು. ಅಷ್ಟೇ ಹೇಳಿ ಹೋದಳು.

ಐವತ್ತೆಂಟು ಗಾಂಠ ತಿಪ್ಪೆಗೆ ಹೋದವು. ಮನೆಯವರು ಒಂದೊಂದನ್ನೇ ಹೊತ್ತು ಹಾಕಿದರು. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಎಮ್ಮೆಯ ಮಗ್ಗುಲಲ್ಲಿ ಕೂತು ಅತ್ತುಬಿಟ್ಟೆ. ನಷ್ಟಕ್ಕಿಂತ ನಾಚಿಕೆಗೇ ಹೆಚ್ಚು ಅತ್ತೆ ಅಂತ ಈಗ ಅನಿಸುತ್ತದೆ. ನಮ್ಮ ಜಾಗದ ಹುಲ್ಲು ಮುಗಿದಿತ್ತು. ಕೈಯಲ್ಲಿ ಹನ್ನೆರಡು, ಬೇಕಾದದ್ದು ನೂರಾ ಹತ್ತು. ಮಣಕ ನನ್ನ ಸೆರಗು ನೆಕ್ಕುತ್ತಿತ್ತು.

ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಮಾವಶಿಯ ಹುಲ್ಲು ನಿಂತೇ ಇತ್ತು. ಕೊಯ್ಯುವ ಕೈಗಳಿಲ್ಲದೆ ಅದು ವರ್ಷವೂ ಹಾಗೇ ಒಣಗಿ, ಬೇಸಿಗೆಯಲ್ಲಿ ಯಾರದೋ ಬೀಡಿಗೆ ಸುಟ್ಟುಹೋಗುತ್ತಿತ್ತು. ಎರಡು ದಿನ ಅದನ್ನೇ ನೋಡುತ್ತ ಕಳೆದೆ. ಮೂರನೆಯ ದಿನ ಹೋದೆ.

ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ದಾರಿಯುದ್ದ ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲಿ ನಿಂತ ಕೂಡಲೇ ಹಾರಿಹೋಯಿತು. "ಮಾವಶಿ, ಚುಕ್ಲಂ ಮಾಝಂ," ಅಂದೆ. ಮರಾಠಿಯಲ್ಲಿ ನಾನು ಜಗಳ ಆಡಿದ್ದೇನೆ, ಚೌಕಾಸಿ ಮಾಡಿದ್ದೇನೆ, ಸತ್ತವರ ಮನೆಯಲ್ಲಿ ಸಮಾಧಾನ ಹೇಳಿದ್ದೇನೆ. ತಪ್ಪು ನನ್ನದು ಅಂತ ಮಾತ್ರ ಹೇಳಿರಲಿಲ್ಲ. ಖರೇ ಹೇಳಬೇಕೆಂದರೆ ಕನ್ನಡದಲ್ಲೂ ಹೇಳಿದ ನೆನಪಿಲ್ಲ.

ಆಕೆ ಮೊರ ನಿಲ್ಲಿಸಲಿಲ್ಲ. ನುಚ್ಚು ಬೇರೆ ಮಾಡಿ, ಕಲ್ಲು ಆರಿಸಿ, ಆಮೇಲೆ ಕೇಳಿದಳು. "ಆ ನಿನ್ನ ಬಟ್ಟೆ ಮಷಿನ್ನು ಗುಡ್ಡಕ್ಕೆ ಏರುತ್ತದಾ?"

"ಏರಿಸ್ತಾರೆ."

"ಹುಲ್ಲು ನನ್ನದು, ಮಷಿನ್ನು ನಿಮ್ಮದು. ಅರ್ಧಕ್ಕರ್ಧ. ಆದರೆ ಯಾವಾಗ ಒತ್ತಬೇಕು ಅಂತ ನಾನು ಹೇಳುತ್ತೇನೆ. ನಾನು ಹೇಳುವ ತನಕ ನೀನು ಬಾಯಿ ತೆಗೆಯಬಾರದು."

ಹೂಂ ಅಂದೆ. ಬಾಯಿ ತೆಗೆಯದಿರುವುದು ಎಂಥ ಕಷ್ಟದ ದುಡಿಮೆ ಅಂತ ಮುಂದಿನ ವಾರ ತಿಳಿಯಿತು. ಕೊಯ್ದು ಮೂರು ದಿನವಾಯಿತು. ದಿನವೂ ಮಧ್ಯಾಹ್ನ ಮಾವಶಿ ಗುಡ್ಡಕ್ಕೆ ಬಂದು ಒಂದು ಹಿಡಿ ಹುಲ್ಲು ತೆಗೆದು, ಸೀರೆ ಹಿಂಡಿದಂತೆ ಹಿಂಡಿ, ಕಿವಿಯ ಹತ್ತಿರ ಹಿಡಿಯುವಳು. "ನಾಹೀ." ಮರುದಿನವೂ ಅದೇ. ನನ್ನ ಕೈಗೆ ಹುಲ್ಲು ಒಣಗಿದೆ ಅನಿಸುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಾಥೇರಾನ್ ಕಡೆಯಿಂದ ಮೋಡ ಎದ್ದವು. ಕಾಲವಲ್ಲದ ಕಾಲದ ಮಳೆ ಬಂದರೆ ಇದೂ ತಿಪ್ಪೆಗೆ, ಮಣಕ ದಲಾಲನ ಟೆಂಪೋಗೆ. ಈಗಲೇ ಒತ್ತಿಬಿಡೋಣ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮನೆಯವರು ನನ್ನನ್ನೇ ನೋಡುತ್ತಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

"ರಾಶಿ ಮಾಡಿ ಮುಚ್ಚಿ," ಅಂದಳು ಮಾವಶಿ. ಅವಳ ಮಕ್ಕಳು ತಂದಿಟ್ಟಿದ್ದ ಹಳೆಯ ಫ್ಲೆಕ್ಸುಗಳಿದ್ದವು. ಹುಟ್ಟುಹಬ್ಬದ ಶುಭಾಶಯಗಳ, ಕೈಮುಗಿದ ಪುಢಾರಿಗಳ ದೊಡ್ಡ ದೊಡ್ಡ ಫ್ಲೆಕ್ಸುಗಳು. ಗುಡ್ಡದ ತುಂಬ ಪುಢಾರಿಗಳು ಮಕಾಡೆ ಮಲಗಿ ನಮ್ಮ ಹುಲ್ಲು ಕಾಯ್ದರು. ಇಷ್ಟು ವರ್ಷದಲ್ಲಿ ಅವರು ನಮಗೆ ಮಾಡಿದ ಉಪಕಾರ ಅದೊಂದೇ. ಹತ್ತು ನಿಮಿಷ ಹನಿ ಬಿದ್ದು ಮೋಡ ಸರಿದವು. ಮರುದಿನ ಫ್ಲೆಕ್ಸು ತೆಗೆದು ಮತ್ತೆ ಹರವಿದೆವು. ಅದರ ಮರುದಿನ ಮಧ್ಯಾಹ್ನ ಎರಡರ ಸುಮಾರಿಗೆ ಮಾವಶಿ ಹುಲ್ಲು ಹಿಂಡಿದಾಗ ಅದು ಚಟಚಟ ಸದ್ದು ಮಾಡಿ ಮುರಿಯಿತು. ಆಕೆ ಅದನ್ನು ಗಾಳಿಗೆ ತೂರಿ, "ಚಲಾ," ಅಂದಳು.

ಮನೆಯವರು ಅಷ್ಟರಲ್ಲಿ ಸ್ಕ್ರೂಗೆ ಒಂದು ಕಬ್ಬಿಣದ ಬಳೆ ವೆಲ್ಡಿಂಗ್ ಮಾಡಿಸಿ ತಂದಿದ್ದರು. ಅದಕ್ಕಿಂತ ಕೆಳಗೆ ಚಕ್ರ ತಿರುಗುವುದಿಲ್ಲ, ಗಾಂಠ ಒಂದು ಹದಕ್ಕಿಂತ ಬಿಗಿಯಾಗುವುದಿಲ್ಲ. "ಬಟ್ಟಿಗೆ ಉಸಿರು ಬ್ಯಾಡ, ಹುಲ್ಲಿಗೆ ಬೇಕು. ನಂದೂ ತಪ್ಪದ," ಅಂದರು. ಆ ಮಾತು ಕೇಳಿ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ತಿರುಗಿ ನಿಂತು ಹುಲ್ಲು ತುಂಬತೊಡಗಿದೆ. ಎಲೆ ಉದುರಿತು, ಉದುರಲಿ ಬಿಡು ಅಂದುಕೊಂಡೆ. ಮಾವಶಿ ಬಟ್ಟೆಯ ಚಿಂದಿಪಟ್ಟಿಗಳಿಂದ ಗಂಟು ಬಿಗಿಯುತ್ತಿದ್ದಳು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ ಕೆಲಸ. ಒಂಬತ್ತು ದಿನಕ್ಕೆ ನೂರಾ ಮೂವತ್ತೆರಡು ಗಾಂಠ. ನಮ್ಮ ಪಾಲಿಗೆ ಅರವತ್ತಾರು.

ಹನ್ನೆರಡು ಸೇರಿ ಎಪ್ಪತ್ತೆಂಟು. ಇನ್ನೂ ಸಾಲದು. ಆದರೆ ಗುಡ್ಡದ ಮೇಲೆ ಸಾಲಾಗಿ ಕೂತ ಗಾಂಠಗಳನ್ನು ರಸ್ತೆಯಿಂದ ನೋಡಿದ ಜನ ಒಬ್ಬೊಬ್ಬರಾಗಿ ಬಂದರು. ಅರ್ಧ ಎಕರೆ, ಒಂದು ಎಕರೆ ಇದ್ದವರು, ಒಂದೋ ಎರಡೋ ದನ ಇದ್ದವರು. ಐದು ಗಾಂಠ ಒತ್ತಿಕೊಟ್ಟರೆ ಒಂದು ನಮಗೆ ಅಂತ ಮಾವಶಿಯೇ ಕರಾರು ಮಾಡಿದಳು. ಬಂದವರನ್ನೆಲ್ಲ ನಾನು ಮೊದಲು ತಿಪ್ಪೆಗೆ ಕರೆದುಕೊಂಡು ಹೋಗಿ ಆ ಐವತ್ತೆಂಟನ್ನು ತೋರಿಸುತ್ತಿದ್ದೆ. ಒಬ್ಬ, "ಹೀಗೆ ಮಾಡಿದ ಶಾಣ್ಯಾ ಯಾರು?" ಅಂತ ಕೇಳಿದ. ನಾನೇ ಅಂದೆ. ಎರಡನೆಯ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ. ಸಂಕ್ರಾಂತಿಗೆ ನಮ್ಮ ಶೆಡ್ಡಿನಲ್ಲಿ ನೂರಾ ಹದಿಮೂರು ಗಾಂಠ ಇದ್ದವು.

ವಾರಕ್ಕೊಮ್ಮೆ ಅವುಗಳ ನಡುವೆ ಕೈ ತೂರಿಸಿ ನೋಡುತ್ತಿದ್ದೆ. ತಂಪು. ಶಿವರಾತ್ರಿಯ ಮರುದಿನ ಮೊದಲನೆಯದನ್ನು ಬಿಚ್ಚಿದೆವು. ಚೈತ್ರದಲ್ಲಿ ಎಮ್ಮೆ ದಲಾಲ ಬಂದು, ಹೊಟ್ಟೆ ಬಿಟ್ಟಿದ್ದ ಮಣಕವನ್ನು ಎರಡು ಸುತ್ತು ಹಾಕಿ ನೋಡಿದ. ಹುಲ್ಲು ಮುಗಿದಿರುತ್ತದೆ ಅಂತ ಲೆಕ್ಕ ಹಾಕಿ ಬಂದವನು ಅವನು. ಮನೆಯವರು ನನ್ನ ಮುಖ ನೋಡಿದರು. ನಾನು ಎದ್ದು ಶೆಡ್ಡಿನ ಬಾಗಿಲು ತೆಗೆದು ತೋರಿಸಿದೆ. ಅವನು ಚಹಾ ಕುಡಿದು ಹೋದ.

ಮಿರಗ ಬಂದರೂ ಮಳೆ ಬರಲಿಲ್ಲ. ಏಳು ಗಾಂಠ ಉಳಿದವು, ಆರು ಉಳಿದವು. ಮಳೆ ಬಿದ್ದರೂ ಹಸಿರು ಕೊಯ್ಲಿಗೆ ಬರಲಿಕ್ಕೆ ಹತ್ತು ದಿನ ಬೇಕು. ಮಾವಶಿ ಒಂದು ಬೆಳಿಗ್ಗೆ ಎಂಟು ಗಾಂಠ ತನ್ನ ಪಾಲಿನಿಂದ ತಂದು ನಮ್ಮ ಬಾಗಿಲಿಗೆ ಒಟ್ಟಿ, ನಾನು ಏನಾದರೂ ಹೇಳುವ ಮೊದಲೇ ತಿರುಗಿ ನಡೆದಳು.

ಎರಡು ದಿನದ ಮೇಲೆ, ಮಧ್ಯಾಹ್ನ, ತಗಡಿನ ಮೇಲೆ ಒಮ್ಮೆಲೇ ಮಳೆ ಸುರಿಯಿತು. ಅದೇ ಹೊತ್ತಿಗೆ ಮಣಕ ಬೇನೆ ತಿನ್ನತೊಡಗಿತು. ಮೊದಲನೆಯ ಸೂಲು, ಹೆದರಿ ಎದ್ದು ಎದ್ದು ಬೀಳುತ್ತಿತ್ತು. ತಲೆಗೆ ಗೋಣಿಚೀಲ ಹಾಕಿಕೊಂಡು ಮಾವಶಿ ಓಡಿಬಂದಳು. ಮನೆಯವರು ಕೊರಳು ಹಿಡಿದರು, ನಾವಿಬ್ಬರು ಮುಂಗಾಲು ಹಿಡಿದು ಎಳೆದೆವು. ಕರು ಜಾರಿ ನೆಲಕ್ಕೆ ಬಿತ್ತು, ಹೆಣ್ಣು, ಒದ್ದೆಯಾಗಿ ನಡುಗುತ್ತಿತ್ತು. ಹೊರಗೆ ಮಳೆ, ಶೆಡ್ಡಿನ ತುಂಬ ಎರಚಲು, ಒಣಗಿದ ಬಟ್ಟೆ ಅನ್ನುವುದು ಒಂದೂ ಇಲ್ಲ. ಒಂದು ಗಾಂಠದ ಗಂಟು ಕಿತ್ತು, ಎರಡೂ ಕೈ ತುಂಬ ಹುಲ್ಲು ಹಿರಿದು ಕರುವಿನ ಮೈ ತಿಕ್ಕಿದೆ. ಬೆನ್ನು, ಎದೆ, ಕಿವಿ, ಕಾಲಿನ ಸಂದು. ಒಂದು ಹಿಡಿ ಒದ್ದೆಯಾದರೆ ಇನ್ನೊಂದು ಹಿಡಿ. ನಾನು ಅಳುತ್ತಿದ್ದೆ, ತಿಕ್ಕುತ್ತಿದ್ದೆ. ಮೈಯ ಕೂದಲು ಒಣಗಿ ನಿಮಿರಿ ನಿಂತವು, ನಡುಕ ನಿಂತಿತು. ಕರು ಮೂರು ಸಲ ಎದ್ದು ಮೂರು ಸಲ ಬಿತ್ತು. ನಾಲ್ಕನೆಯ ಸಲ ನಿಂತು, ತಾಯಿಯ ಮೊಲೆ ಹುಡುಕಿಕೊಂಡು ಹೋಯಿತು, ನಮ್ಮ ಕೊಟ್ಟಿಗೆಯಲ್ಲಿ.